ದೂರದ ಓದುಗರಿಗೆ ಎಷ್ಟು ಹೇಳಬೇಕು?

“ಕೆರೆ ಕೋಡಿ ಹರಿದಿತ್ತು, ಆದರೂ ನೀರುಗಂಟಿ ತೂಬು ಎತ್ತಲಿಲ್ಲ.” ಕತೆಯೊಂದು ಹೀಗೆ ಮೊದಲಾಗುತ್ತದೆಯೆಂದು ಇಟ್ಟುಕೊಳ್ಳಿ. ಶ್ರೀನಿವಾಸಪುರದ ಕಡೆಯ ಹಿರಿಯ ರೈತರಾದರೆ ಒಡನೆಯೇ, “ಏಕೆ? ಯಾರ ಮೇಲೆ ಮುನಿಸು?” ಎಂದು ಕೇಳಿಯಾರು. ಮಂಗಳೂರಿನ ಓದುಗರೊಬ್ಬರು ನೀರುಗಂಟಿಯೆಂಬಲ್ಲಿಯೇ ನಿಂತುಬಿಟ್ಟಾರು. ಅದು ಮನುಷ್ಯನೊ, ಯಂತ್ರವೊ?

ಇವರಿಬ್ಬರನ್ನೂ ಒಟ್ಟಿಗೆ ಕರೆದೊಯ್ಯುವುದು ಬರೆಯುವವನ ಪಾಡು. ಕೆಲವರು ಇಲ್ಲಿ ಕತೆಯ ಗಾಡಿ ನಿಲ್ಲಿಸಿ, ಎತ್ತು ಬಿಚ್ಚಿ, ಗ್ರಾಮಸೇವೆಯ ಚರಿತ್ರೆಯನ್ನೇ ಹೇಳತೊಡಗುತ್ತಾರೆ. ಅಷ್ಟು ಬೇಡ. “ಗದ್ದೆಗದ್ದೆಗೂ ಸರದಿಯಂತೆ ನೀರು ಬಿಡುವ ನೀರುಗಂಟಿ” ಎಂದರೆ ಸಾಕು. ನಾಲ್ಕೇ ಮಾತು, ಬಲ್ಲವರಿಗೆ ಬೇಸರವಿಲ್ಲ, ಅರಿಯದವರಿಗೆ ಬಾಗಿಲು ತೆರೆಯಿತು. ಸುಗ್ಗಿಯ ಕಣದಲ್ಲಿ ಅವನಿಗೆ ಸಲ್ಲುತ್ತಿದ್ದ ಕಾಳಿನ ಮಾತು, ಜಗಳ ಅದರಿಂದಲೇ ಹುಟ್ಟಿದ್ದಾದರೆ ಮುಂದೆ ಬರಲಿ.

ನಮ್ಮ ಮಾಲೂರು ಸೀಮೆಯ ಮಾಸ್ತಿಯವರನ್ನು ನೋಡಿ. ಅವರ ಹಲವು ಕತೆಗಳಲ್ಲಿ, ಸಂಗತಿ ತನಗೆ ಯಾರಿಂದ ತಿಳಿಯಿತೆಂಬುದನ್ನು ಹೇಳುವಾತ ಮೊದಲೇ ತಿಳಿಸಿಬಿಡುತ್ತಾನೆ. ಊರು ಕಾಣದವರೂ ಜಗಲಿಯ ಮೇಲೆ ಕುಳಿತು ಕೇಳುವವರಾಗುತ್ತಾರೆ. ಅರ್ಥಕೋಶ ಈ ಕೆಲಸ ಮಾಡಲಾರದು.

ದೂರವೆಂದರೆ ಹರದಾರಿಯ ದೂರವೊಂದೇ ಅಲ್ಲ. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಅಚ್ಚುಹಾಕಿಸಿದರು. ಇಂಥ ಶಾಸನಗಳನ್ನು ಬರೆದವರು ಅರಸನ ಬಿರುದುಗಳಿಗೆ ಎಷ್ಟು ಸಾಲು ಕೊಟ್ಟಿದ್ದಾರೆ! ‘ಬಿತ್ತುವಟ್ಟ’ವೆಂಬ ಮಾತಿಗೆ ಮಾತ್ರ ವಿವರಣೆಯಿಲ್ಲ. ಊರಿಗೆಲ್ಲ ಗೊತ್ತಿದ್ದದ್ದನ್ನು ಯಾರು ಕೊರೆದಾರು? ಕೆರೆ ಕಟ್ಟಿ ಕಾಪಾಡುವವರಿಗೆ ಬಿಟ್ಟ ಭೂಮಿಯೆಂದು ಇಂದು ವಿದ್ವಾಂಸರು ಬಿಡಿಸಿ ಹೇಳಬೇಕಾಗಿದೆ. ಕಲ್ಲು ಅದೇ ಊರಿನಲ್ಲಿದ್ದರೂ ಆ ಊರಿನವರೇ ಅದಕ್ಕೆ ದೂರದ ಓದುಗರಾದರು.

ನೀರುಗಂಟಿಯ ಪಾಡೂ ಅದೇ ಆಗುತ್ತಿದೆ. ಕೊಳವೆಬಾವಿಗಳು ಬಂದು, ಕೆರೆಗಳು ಬತ್ತಿ, ಅವನ ಕೆಲಸ ಎಷ್ಟೋ ಊರುಗಳಲ್ಲಿ ನಿಂತುಹೋಯಿತು. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ಅದು ಅಂತರ್ಜಲ ತುಂಬಲೆಂದು ಬಿಟ್ಟ ನೀರು; ತೂಬೆತ್ತಿ ನೇರವಾಗಿ ಗದ್ದೆಗೆ ಹಾಯಿಸುವುದಕ್ಕಲ್ಲ. ಹೀಗಾಗಿ ತುಂಬಿದ ಕೆರೆಯ ಏರಿಯ ಮೇಲೆ ದಿನವೂ ಶಾಲೆಗೆ ನಡೆಯುವ ಹುಡುಗನೂ ನೀರುಗಂಟಿಯನ್ನು ಕಂಡಿರಲಾರ. ಆ ನಾಲ್ಕು ಮಾತು ಈಗ ಮಂಗಳೂರಿನವರಿಗೆ ಹೇಗೋ ಅವನಿಗೂ ಹಾಗೆಯೇ ಬೇಕಾಗಿವೆ.