ನಿದ್ದೆಗಣ್ಣು ಮತ್ತು ರನ್‌ವೇ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಧರ್ಮಪುರದ ಈ ಶಾಲೆಯಲ್ಲಿ ಓದಿ ವಾಯುಪಡೆ ಸೇರಿದ ನಾನು ಇಪ್ಪತ್ತು ವರ್ಷ ವಿಮಾನ ರಿಪೇರಿ ಮಾಡಿದೆ. ಹಾರಿಸಿದವನಲ್ಲ, ನಟ್ಟು ಬೋಲ್ಟು ಬಿಗಿ ಮಾಡಿದವನು. ಆದರೂ ಊರಿಗೆ ಬಂದರೆ "ವಿಮಾನ ಯಾಕಪ್ಪಾ ಬೀಳ್ತವೆ?" ಅಂತ ನನ್ನನ್ನೇ ಕೇಳುತ್ತಾರೆ. 2023ರ ಆಗಸ್ಟ್‌ನಲ್ಲಿ ನಮ್ಮ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಡಿಆರ್‌ಡಿಒದ ತಪಸ್ ಹೊಲಕ್ಕೆ ಬಿದ್ದ ಮೇಲಂತೂ ಕೇಳುವವರು ಹೆಚ್ಚಾದರು. ಅದರಲ್ಲಿ ಪೈಲಟ್ ಇರಲಿಲ್ಲ. ಪೈಲಟ್ ಇದ್ದೂ ಬಿದ್ದ ವಿಮಾನದ ಕಥೆ ಹೇಳುತ್ತೇನೆ.

2010ರ ಮೇ 22. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ದುಬೈನಿಂದ ಮಂಗಳೂರಿಗೆ ಬರುತ್ತಿತ್ತು. ಅದೇ ಪೈಲಟ್‌ಗಳು ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹೋಗಿ, ಹಾಗೇ ವಾಪಸ್ ಹೊರಟಿದ್ದರು. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಅಂಚು ದಾಟಿದರೆ ಕಣಿವೆ. ಬೆಳಿಗ್ಗೆ ಆರರ ಸುಮಾರಿಗೆ ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ ಬಂದು, ಎಂಟು ಸಾವಿರ ಅಡಿ ಚಿಲ್ಲರೆ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. ನಿಲ್ಲಲಿಲ್ಲ. ಒಳಗಿದ್ದ 166 ಜನರಲ್ಲಿ ಉಳಿದವರು ಎಂಟೇ ಮಂದಿ.

ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ತನಿಖಾ ವರದಿಯಲ್ಲಿ ಒಂದು ಮಾತಿದೆ, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾಕ್‌ಪಿಟ್ ಧ್ವನಿಮುದ್ರಣದ ಮೊದಲ ಒಂದು ಗಂಟೆ ನಲವತ್ತು ನಿಮಿಷ ಮಾತುಕತೆ ಇಲ್ಲ, ಗೊರಕೆಯ ಸದ್ದಿದೆ. ಕ್ಯಾಪ್ಟನ್ ಸಾಮಾನ್ಯರಲ್ಲ, ಹತ್ತು ಸಾವಿರ ಗಂಟೆಗೂ ಮೇಲೆ ಹಾರಿಸಿದವರು. ಆದರೆ ಗಾಢ ನಿದ್ದೆಯಿಂದ ಎದ್ದವರ ಕಣ್ಣು ತೆರೆದಿದ್ದರೂ ಬುದ್ಧಿ ಸ್ವಲ್ಪ ಹೊತ್ತು ಮಂಕಾಗಿರುತ್ತದೆ. ಅದರಲ್ಲೂ ಬೆಳಗಿನ ಜಾವ ದೇಹ ತಾನಾಗಿಯೇ ಕುಗ್ಗಿರುವ ಹೊತ್ತು. ರಾತ್ರಿ ಹೊಲಕ್ಕೆ ನೀರು ಹಾಯಿಸಿದವರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ "ಗೋ ಅರೌಂಡ್" ಅಂದರು. ಇಳಿಯಬೇಡಿ, ಮೇಲೇರಿ ಇನ್ನೊಂದು ಸುತ್ತು ಬನ್ನಿ ಅಂತ ಅದರ ಅರ್ಥ. ಯಂತ್ರವೂ ಎಚ್ಚರಿಸಿತು. ಹಿರಿಯರು ಕೇಳಲಿಲ್ಲ. ಕಿರಿಯರು ಕಂಟ್ರೋಲ್ ತಮ್ಮ ಕೈಗೆ ತೆಗೆದುಕೊಳ್ಳಲೂ ಇಲ್ಲ. ದಣಿದವನಿಗೆ ತಾನು ದಣಿದಿದ್ದೇನೆ ಎಂಬುದೇ ತಿಳಿಯುವುದಿಲ್ಲ, ಪಕ್ಕದವನಿಗೆ ತಿಳಿಯುತ್ತದೆ. ಒಬ್ಬರೇ ಹಾರಿಸುವ ಚಿಕ್ಕ ವಿಮಾನಗಳಲ್ಲಿ ಆ ಪಕ್ಕದವನೂ ಇಲ್ಲ, ಮತ್ತು ಅತಿ ಸೂಕ್ಷ್ಮದ ಕೆಲಸವಾದ ಲ್ಯಾಂಡಿಂಗ್ ಬರುವುದು ಮೈ ಸೋತಿರುವ ಕೊನೆಯ ಗಳಿಗೆಯಲ್ಲಿ.

ಪೈಲಟ್‌ಗಳ ದುಡಿಮೆ, ವಿಶ್ರಾಂತಿಯ ನಿಯಮಗಳು ಆಮೇಲೆ ಬಿಗಿಯಾದವು. 2024ರಲ್ಲಿ ಬದಲಾದ ನಿಯಮದಲ್ಲಿ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು.

ನನ್ನದೂ ಒಂದು ತಪ್ಪಿದೆ, ಇಲ್ಲಿಯವರೆಗೆ ಮನೆಯಲ್ಲೂ ಹೇಳಿಲ್ಲ. ಸತತ ನಾಲ್ಕನೇ ರಾತ್ರಿ ಪಾಳಿ. ಕೆಲಸ ಮುಗಿಸಿ ಎಂಜಿನ್ ಪಕ್ಕದ ಮುಚ್ಚಳ ಹಾಕಿ ಸಹಿ ಮಾಡಿದೆ. ಹೊಸದಾಗಿ ಬಂದಿದ್ದ ಹುಡುಗನೊಬ್ಬ "ಸರ್, ಪೆಟ್ಟಿಗೆಯಲ್ಲಿ ಟಾರ್ಚ್ ಒಂದು ಕಡಿಮೆ ಇದೆ" ಅಂದ. "ನಿನಗೆ ಲೆಕ್ಕ ಬರಲ್ಲ, ಸುಮ್ನಿರು" ಅಂತ ಗದರಿದೆ. ಅವನು ಸುಮ್ಮನಿರಲಿಲ್ಲ, ನನ್ನ ಮೇಲಿನವರಿಗೆ ಹೇಳಿದ. ಮುಚ್ಚಳ ತೆಗೆದರೆ ಟಾರ್ಚ್ ಒಳಗೇ ಇತ್ತು, ಇನ್ನೂ ಉರಿಯುತ್ತಿತ್ತು. ಆ ವಿಮಾನ ಬೆಳಿಗ್ಗೆ ಏಳಕ್ಕೆ ಹಾರಬೇಕಿತ್ತು. ನನಗೆ ಶಿಕ್ಷೆಯಾಯಿತು, ಸರಿಯಾಗಿಯೇ ಆಯಿತು. ಆ ಹುಡುಗನ ಕ್ಷಮೆ ಕೇಳಲು ನನಗೆ ಎರಡು ದಿನ ಬೇಕಾಯಿತು.

ಈ ಸಮಾರಂಭಕ್ಕೆಂದು ಮೊನ್ನೆ ರಾತ್ರಿ ಬೆಂಗಳೂರಿನಿಂದ ಅಕ್ಕನ ಮಗನ ಕಾರಿನಲ್ಲಿ ಬಂದೆ. ಶಿರಾ ದಾಟಿದ ಮೇಲೆ ಅವನ ತಲೆ ಎರಡು ಸಲ ತೂಗಿತು. ನಿಲ್ಲಿಸು ಅಂದೆ. "ಇನ್ನೇನು ಊರು ಬಂತಲ್ಲ ಮಾವ" ಅಂದ. ಬೇಡ ಅಂದೆ. ರಸ್ತೆ ಬದಿಯ ಚಹಾ ಅಂಗಡಿ ಮುಂದೆ ನಿಲ್ಲಿಸಿ, ಸೀಟಿನಲ್ಲೇ ಮುಕ್ಕಾಲು ಗಂಟೆ ಮಲಗಿದ. ನಾನು ಎಚ್ಚರವಾಗಿ ಕೂತಿದ್ದೆ.