ಉಕ್ಕು ಬಾಗಿದಾಗ

ತುಂಬಿದ ಕೊಡವನ್ನು ಬಾವಿಯಿಂದ ಸೇದುವಾಗ ಹಗ್ಗ ಬಿಗಿಯುವುದನ್ನು ನಾವೆಲ್ಲ ನೋಡಿದ್ದೇವೆ. ಬಿಗಿಯುವುದಷ್ಟೇ ಅಲ್ಲ, ಅದು ತುಸು ಉದ್ದವೂ ಆಗುತ್ತದೆ. ಜಗಲಿಯ ಕಂಬವಾದರೋ ಮಾಡಿನ ಭಾರಕ್ಕೆ ಕಣ್ಣಿಗೆ ಕಾಣದಷ್ಟು ಗಿಡ್ಡವಾಗಿ ನಿಂತಿರುತ್ತದೆ. ಭಾರ ಹೊತ್ತೂ ಅಳತೆ ಬದಲಾಗದ ವಸ್ತು ಲೋಕದಲ್ಲಿಲ್ಲ. ಹೊರೆ ಎಷ್ಟು ಹೆಚ್ಚಿದರೆ ಹಿಗ್ಗುವಿಕೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆಂದು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು.

ಹೊರೆ ಎಷ್ಟೆಂಬುದರ ಜೊತೆಗೆ ಅದು ಎಷ್ಟು ದಪ್ಪದ ಮೇಲೆ ಹಂಚಿದೆಯೆಂಬುದನ್ನೂ ನೋಡಬೇಕು. ಒಂದೊಂದು ಚದರ ಸೆಂಟಿಮೀಟರಿನ ಪಾಲಿಗೆ ಬರುವ ಹೊರೆಯೇ ಪೀಡನ. 1 ಚದರ ಸೆಂಟಿಮೀಟರು ದಪ್ಪದ, 1 ಮೀಟರು ಉದ್ದದ ಉಕ್ಕಿನ ಸಲಾಕೆಗೆ 1,000 ಕಿಲೋಗ್ರಾಂ ತೂಗುಹಾಕಿದರೆ ಅದು ಸುಮಾರು ಅರ್ಧ ಮಿಲಿಮೀಟರು ಹಿಗ್ಗುತ್ತದೆ. ಹೊರೆ ಇಳಿಸಿದರೆ ಮೊದಲಿನಂತಾಗುತ್ತದೆ.

ಎಳೆತದ ಕಥೆ ಇಷ್ಟು ಸರಳ. ಅದುಮಿದಾಗ ಹಾಗಲ್ಲ. ತೆಳುವಾದ ಬೆತ್ತವನ್ನು ಎಷ್ಟು ಎಳೆದರೂ ತುಂಡಾಗದು. ಅದನ್ನೇ ನೆಲಕ್ಕೂರಿ ಮೇಲಿನಿಂದ ಒತ್ತಿರಿ, ಥಟ್ಟನೆ ಪಕ್ಕಕ್ಕೆ ಬಾಗುತ್ತದೆ. ಕಂಬದ ಉದ್ದ ಎರಡರಷ್ಟಾದರೆ ಅದು ಬಾಗದೆ ತಾಳಬಲ್ಲ ಹೊರೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆಂದು ಗಣಿತಜ್ಞ ಆಯ್ಲರನ ಸೂತ್ರ ಹೇಳುತ್ತದೆ. ಒಮ್ಮೆ ಬಾಗಿತೆಂದರೆ ಹೊರೆ ನಡುಗೆರೆ ತಪ್ಪುತ್ತದೆ. ಆಗ ಬಾಗೇ ಬಾಗನ್ನು ಬೆಳೆಸುತ್ತದೆ.

ಕೆನಡಾ ದೇಶದ ಕ್ವಿಬೆಕ್ ನಗರದ ಬಳಿ, ಸೇಂಟ್ ಲಾರೆನ್ಸ್ ನದಿಗೆ ಕಟ್ಟುತ್ತಿದ್ದ ರೈಲು ಸೇತುವೆಯಲ್ಲಿ ನಡೆದದ್ದು ಇದೇ. ನಡುಗಣ್ಣಿನ ಅಗಲವನ್ನು 1,600 ಅಡಿಯಿಂದ 1,800 ಅಡಿಗೆ ಹೆಚ್ಚಿಸಿದ್ದರು. ಆದರೆ ಸೇತುವೆಯ ಸ್ವಂತ ತೂಕವನ್ನು ಸಕಾಲದಲ್ಲಿ ಹೊಸದಾಗಿ ಲೆಕ್ಕಹಾಕಲಿಲ್ಲ. ಆ ತೂಕವೆಲ್ಲ ಕೊನೆಗೆ ಬಂದು ಅದುಮುತ್ತಿದ್ದುದು ಕೆಳಗಿನ ಉಕ್ಕಿನ ತೊಲೆಗಳನ್ನು.

1907ರ ಆಗಸ್ಟಿನಲ್ಲಿ ಅಂಥ ಒಂದು ತೊಲೆ ಮುಕ್ಕಾಲು ಅಂಗುಲ ಬಾಗಿದ್ದು ಕಂಡಿತು. ಸುಮಾರು ಒಂದು ವಾರದಲ್ಲಿ, 27ನೆಯ ತಾರೀಖಿಗೆ, ಬಾಗು ಎರಡೂಕಾಲು ಅಂಗುಲವಾಗಿತ್ತು. ಅದು ಜೋಡಿಸುವ ಮೊದಲೇ ಇದ್ದ ಬಾಗೆಂದು ಕೆಲವರು ವಾದಿಸಿದರು. ನಂಬದ ಪರಿವೀಕ್ಷಕ ಮೆಕ್ಲೂರ್, ಹಿರಿಯ ಸಲಹೆಗಾರ ಥಿಯೊಡೋರ್ ಕೂಪರನನ್ನು ಕಾಣಲು ನ್ಯೂಯಾರ್ಕಿಗೆ ಹೊರಟನು. ಇನ್ನು ಹೊರೆ ಏರಿಸಬೇಡಿರೆಂದು 29ರಂದು ಕೂಪರನು ತಂತಿ ಕೊಟ್ಟದ್ದು ಉಕ್ಕಿನ ಕಂಪೆನಿಯ ಕಚೇರಿಗೆ. ನದಿಯ ಮೇಲೆ ಕೆಲಸ ನಿಲ್ಲಲಿಲ್ಲ. ಅದೇ ಸಂಜೆ, ದಿನದ ಕೆಲಸ ಮುಗಿಯುವ ವೇಳೆಗೆ, ಸೇತುವೆಯ ದಕ್ಷಿಣ ಭಾಗ ಕುಸಿದುಬಿತ್ತು. 75 ಮಂದಿ ಸತ್ತರು. ಅವರಲ್ಲಿ 33 ಮಂದಿ ಕಾನವಾಗೆ ಎಂಬ ಒಂದೇ ಊರಿನ ಮೊಹಾಕ್ ಜನ.

ತೊಲೆಯ ಹಲಗೆಗಳನ್ನು ಒಂದಕ್ಕೊಂದು ಬಿಗಿದಿದ್ದ ಜಾಲರಿಪಟ್ಟಿಗಳು ಸಾಲದಾಗಿದ್ದವೆಂದು ವಿಚಾರಣಾ ಆಯೋಗವು ಕಂಡುಕೊಂಡಿತು. ಹೊಸದಾಗಿ, ಹೆಚ್ಚು ದಪ್ಪನಾದ ತೊಲೆಗಳಿಂದ ಕಟ್ಟಿದ ಸೇತುವೆ 1917ರಲ್ಲಿ ಪೂರ್ಣವಾಯಿತು. ಅದಕ್ಕೂ ಒಂದು ವರ್ಷ ಮುಂಚೆ ನಡುಭಾಗವನ್ನು ಮೇಲೆತ್ತುವಾಗ ಅದು ಜಾರಿ ಇನ್ನೂ 13 ಮಂದಿ ಮಡಿದಿದ್ದರು.

ಎರಡು ದಿನ ಮೊದಲೇ ಉಕ್ಕು ತನ್ನ ಸಂಕಟವನ್ನು ಅಂಗುಲದ ಲೆಕ್ಕದಲ್ಲಿ ತಿಳಿಸಿತ್ತು. ನಮ್ಮ ಮನೆಗಳಲ್ಲಿಯೂ ಮಹಡಿಯ ಕೆಳಗಿನ ಕಂಬ ಬಾಗಿದಂತೆ ಕಂಡರೆ, ಅದು ಮೊದಲಿನಿಂದಲೂ ಹಾಗೆಯೇ ಇತ್ತೆಂದು ಸಮಾಧಾನ ಹೇಳಿಕೊಳ್ಳುವುದು ಬೇಡ. ಕೆಳಗೆ ಯಾರೂ ಇರದಂತೆ ನೋಡಿಕೊಳ್ಳಿ. ಮೇಲೆ ಹೊಸ ಹೊರೆ ಏರಿಸಬೇಡಿ. ತಿಳಿದವರನ್ನು ಆ ದಿನವೇ ಕರೆಸಿರಿ.