ಕರೆಂಟ್ ಹೋದಾಗೆಲ್ಲ ರೀಸಿಂಕ್ ಯಾಕೆ?

ದೇವರಮನೆ ಕಡೆ ಮಳೆ ಹಿಡಿದರೆ ಕರೆಂಟ್ ಹೋಗೋದು ಹೊಸದೇನಲ್ಲ. ಆದರೆ ಈ ಸಲ ಕರೆಂಟ್ ಬಂದಾಗೆಲ್ಲ ನನ್ನ ಲಿನಕ್ಸ್ ಪಿಸಿ ಗಂಟೆಗಟ್ಟಲೆ ರೀಸಿಂಕ್ ಮಾಡ್ತಿತ್ತು. ಎರಡು 4 ಟಿಬಿ ಡಿಸ್ಕ್, ರೇಡ್ 1. ತೀರಿಹೋದ ನಮ್ಮ ಅಜ್ಜಿ ಮಾತಿನ ರೆಕಾರ್ಡಿಂಗ್ ಇರೋದೂ ಅದರಲ್ಲೇ. ಡಿಸ್ಕೇ ಹೋಯ್ತಾ ಅಂತ ಕೈಕಾಲು ತಣ್ಣಗಾಯ್ತು.

ಮೊದಲು 'ಪ್ರಾಕ್' ಒಳಗಿನ 'ಎಂಡಿಸ್ಟ್ಯಾಟ್' ಫೈಲ್ ನೋಡಿದೆ. ಅಲ್ಲಿ 'ರಿಕವರಿ' ಅಂತಿದ್ದರೆ ಒಂದು ಡಿಸ್ಕ್ ಹೊರಗೆ ಬಿದ್ದಿತ್ತು ಅಂತ. 'ಚೆಕ್' ಅಂದ್ರೆ ಮಾಮೂಲಿ ತಪಾಸಣೆ. ನನ್ನದು 'ರೀಸಿಂಕ್'. ಡಿಸ್ಕ್ ಎರಡೂ ಇವೆ, ಆದರೆ ಬರೀತಿದ್ದಾಗಲೇ ಕರೆಂಟ್ ಹೋಗಿದ್ದರಿಂದ ಎರಡರಲ್ಲೂ ಒಂದೇ ಇದೆಯಾ ಅನ್ನೋ ಅನುಮಾನ.

ಬಿಕಾಂ ಭಾಷೆಲಿ ಹೇಳ್ತೀನಿ. ಎರಡು ಲೆಡ್ಜರ್, ಯಾವ ಪುಟದಲ್ಲಿದ್ದೆ ಅಂತ ಗುರುತಿಲ್ಲ, ಹಾಗಾಗಿ ಇಡೀ ಪುಸ್ತಕ ಟ್ಯಾಲಿ ಮಾಡಬೇಕು. ಆ ಗುರುತೇ ಬಿಟ್‌ಮ್ಯಾಪ್. ಸ್ಪೀಡ್ ಆಸೆಗೆ ನಾನೇ ಅದನ್ನ ತೆಗೆದಿದ್ದೆ!

ರೀಸಿಂಕ್ ಮುಗಿಯೋವರೆಗೆ ಕಾದು, 'ಎಂಡಿಎಡಿಎಂ' ಕಮಾಂಡ್‌ನಲ್ಲಿ 'ಗ್ರೋ', 'ಬಿಟ್‌ಮ್ಯಾಪ್ ಇಂಟರ್ನಲ್' ಕೊಟ್ಟೆ. ಮೊನ್ನೆ ಕರೆಂಟ್ ಹೋಗಿ ಬಂದಾಗ ನಿಮಿಷದೊಳಗೆ ಮುಗೀತು. ಯುಪಿಎಸ್ ಬ್ಯಾಟರಿನೂ ಬದಲಾಯಿಸಿದೆ.

ಆದರೂ ರೇಡ್‌ನಲ್ಲಿ ಒಂದು ಫೈಲ್ ಅಳಿಸಿದರೆ ಎರಡೂ ಡಿಸ್ಕಿಂದ ಹೋಗುತ್ತೆ. ಅದಕ್ಕೇ ಅಜ್ಜಿ ದನಿಯ ಇನ್ನೊಂದು ಕಾಪಿ ಈಗ ಮೂಡಿಗೆರೆಲಿ, ಅಕ್ಕನ ಮನೆ ಬೀರುವಲ್ಲಿದೆ.